50 ತುಂಬಿದ ದಿನವೇ ಲೈಸೆನ್ಸ್ ಮುಗಿದಿದೆ, ಈಗ ಏನು ಮಾಡಲಿ?

ಪ್ರಶ್ನೆ: 2007ರಲ್ಲಿ ಹುಬ್ಬಳ್ಳಿಯಲ್ಲಿ ಬೈಕ್ ಮತ್ತು ಕಾರು ಎರಡಕ್ಕೂ ಲೈಸೆನ್ಸ್ ಮಾಡಿಸಿದ್ದೆ. 20 ವರ್ಷ ನಡೆಯುತ್ತದೆ ಎಂದುಕೊಂಡು ಆ ಕಡೆ ನೋಡಿರಲೇ ಇಲ್ಲ. ಮೊನ್ನೆ ಕಾರಿನ ಇನ್ಶೂರೆನ್ಸ್ ಕಟ್ಟುವಾಗ ಕಾರ್ಡ್ ತೆಗೆದು ನೋಡಿದರೆ, ನನಗೆ 50 ತುಂಬಿದ ದಿನಕ್ಕೇ ಅದು ಮುಗಿದಿದೆ. ಅದಾಗಿ 14 ತಿಂಗಳಾಯ್ತು. ಅಷ್ಟೂ ದಿನ ಗಾಡಿ ಓಡಿಸಿದ್ದೇನೆ. ಐದು ವರ್ಷದವರೆಗೆ ಟೆಸ್ಟ್ ಇಲ್ಲದೆ ರಿನ್ಯೂವಲ್ ಆಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಹಳೇದು ಬಿಟ್ಟುಬಿಡಿ, ಹೊಸದೇ ಮಾಡಿಸಿಕೊಡ್ತೀನಿ ಎಂದು ಬ್ರೋಕರ್ ಒಬ್ಬರು ಹೇಳುತ್ತಾರೆ. ನಾನೀಗ ಮೈಸೂರಿನಲ್ಲಿದ್ದೇನೆ, ಹುಬ್ಬಳ್ಳಿಗೇ ಹೋಗಬೇಕಾ? ಅಂಗಡಿಯ ಸಣ್ಣ ಗೂಡ್ಸ್ ಗಾಡಿಯನ್ನೂ ನಾನೇ ಓಡಿಸುತ್ತೇನೆ, ಅದಕ್ಕೆ ಬೇರೆ ಲೈಸೆನ್ಸ್ ಬೇಕಾ? ಮಗಳಿಗೆ 18 ತುಂಬಿದೆ, ಅವಳಿಗೆ ಸ್ಕೂಟರ್ ಲೈಸೆನ್ಸ್ ಮಾಡಿಸುವುದು ಹೇಗೆ?

ಉತ್ತರ: ನಮಸ್ಕಾರ. ಮೊದಲು ಒಂದು ಮಾತು ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಆಮೇಲೆ. ಹೊಸ ಕಾರ್ಡ್ ಕೈಗೆ ಬರುವವರೆಗೆ, ಅಥವಾ ನಿಯಮದ ಪ್ರಕಾರ ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸ್, ಸಿಗುವವರೆಗೆ, ನೀವು ಗಾಡಿ ಓಡಿಸಬೇಡಿ. ಅಂಗಡಿಯ ಗಾಡಿಯನ್ನೂ ಅಷ್ಟೇ. ಒಂದು ತಿಂಗಳ ಮಟ್ಟಿಗೆ ಡ್ರೈವರ್ ಒಬ್ಬರನ್ನು ಇಟ್ಟುಕೊಂಡರೆ ಖರ್ಚಾಗುತ್ತದೆ, ನಿಜ. ಆದರೂ ಇಟ್ಟುಕೊಳ್ಳಿ.

ಪೊಲೀಸರು ಹಿಡಿಯುತ್ತಾರೆ ಎಂಬ ಹೆದರಿಕೆಗೆ ಇದನ್ನು ಹೇಳುತ್ತಿಲ್ಲ. ದಂಡ ಇದೆ. ಚಾಲ್ತಿಯಲ್ಲಿರುವ ಲೈಸೆನ್ಸ್ ಇಲ್ಲದೆ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 181ನೇ ಸೆಕ್ಷನ್‌ನಲ್ಲಿ 5000 ರೂಪಾಯಿ ದಂಡ, ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಗಾಡಿ ಬೇರೆಯವರ ಹೆಸರಿನಲ್ಲಿದ್ದರೆ, ಓಡಿಸಲು ಕೊಟ್ಟ ಮಾಲೀಕರ ಮೇಲೂ 180ನೇ ಸೆಕ್ಷನ್ ಬರುತ್ತದೆ. ಆದರೆ ನಿಜವಾದ ಅಪಾಯ ಇದಲ್ಲ. ನಾನು ಅಪಘಾತ ಪರಿಹಾರದ ಕೇಸುಗಳನ್ನು ನಡೆಸುವ ವಕೀಲ. ಕ್ಲೇಮು ದಾಖಲಾದ ಕೂಡಲೇ ಇನ್ಶೂರೆನ್ಸ್ ಕಂಪನಿಯ ವಕೀಲರು ಮೊದಲು ಹುಡುಕುವ ಕಾಗದ ಯಾವುದು ಗೊತ್ತಾ? ಗಾಡಿ ಓಡಿಸುತ್ತಿದ್ದವರ ಡಿಎಲ್ ಎಕ್ಸ್‌ಟ್ರಾಕ್ಟ್. ಆರ್‌ಟಿಒ ಕೊಡುವ ಆ ಒಂದು ಹಾಳೆಯಲ್ಲಿ ಯಾವ ದಿನದಿಂದ ಯಾವ ದಿನದವರೆಗೆ ಲೈಸೆನ್ಸ್ ಇತ್ತು ಎಂಬುದು ಇರುತ್ತದೆ. ಅಪಘಾತದ ದಿನ ಅದರಾಚೆ ಬಿದ್ದರೆ ಕೇಸಿನ ದಿಕ್ಕೇ ಬದಲಾಗುತ್ತದೆ.

ಬದಲಾಗುವುದು ಹೀಗೆ. ನಿಮ್ಮ ಗಾಡಿ ತಾಗಿ ಯಾರಿಗೋ ಪೆಟ್ಟಾಯಿತು ಅಂದುಕೊಳ್ಳಿ. ಅವರಿಗೆ ಪರಿಹಾರ ಸಿಗದೇ ಹೋಗಬಾರದು ಎಂದು ನ್ಯಾಯಾಲಯಗಳು ನೋಡಿಕೊಂಡಿವೆ. 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ದಾರಿಯನ್ನು ಗಟ್ಟಿ ಮಾಡಿತು. ಕಂಪನಿ ಮೊದಲು ಗಾಯಾಳುವಿಗೆ ಹಣ ಕೊಡಲಿ, ಆಮೇಲೆ ಅದನ್ನು ಗಾಡಿಯ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ ಎಂದು ಪರಿಹಾರದ ಕೇಸು ಕೇಳುವ ಟ್ರಿಬ್ಯೂನಲ್ ಹೇಳಬಹುದು. ಕೋರ್ಟಿನಲ್ಲಿ ಇದಕ್ಕೆ ಪೇ ಅಂಡ್ ರಿಕವರ್ ಅನ್ನುತ್ತೇವೆ. ಗಾಯಾಳುವಿನ ಪಾಲಿಗೆ ಅದು ನ್ಯಾಯ. ಮಾಲೀಕರ ಪಾಲಿಗೆ ಲಕ್ಷಗಟ್ಟಲೆ ಸಾಲ. ಕಷ್ಟಪಟ್ಟು ಕಟ್ಟಿದ ಮನೆ, ನಡೆಸಿಕೊಂಡು ಬಂದ ಅಂಗಡಿ ವಸೂಲಿಗೆ ಬರುವುದನ್ನು ನೋಡುವಾಗ ತುಂಬ ಬೇಜಾರಾಗುತ್ತದೆ. ಅವರು ಕೆಟ್ಟ ಡ್ರೈವರುಗಳೂ ಆಗಿರುವುದಿಲ್ಲ. ಕಾರ್ಡಿನ ತಾರೀಕು ನೋಡಿರುವುದಿಲ್ಲ, ಅಷ್ಟೇ.

ಇನ್ನು ನಿಮ್ಮ ಸ್ವಂತ ಗಾಡಿಯ ರಿಪೇರಿ ಖರ್ಚಿನ ಕ್ಲೇಮು. ಎಕ್ಸ್‌ಪೈರ್ ಆದ ಲೈಸೆನ್ಸ್ ಇಟ್ಟುಕೊಂಡು ಓಡಿಸಿದ್ದರೆ ಅದು ಸಾಮಾನ್ಯವಾಗಿ ತಿರಸ್ಕಾರವಾಗುತ್ತದೆ. ಮಾಲೀಕರೇ ಓಡಿಸುವಾಗ ಜೀವಕ್ಕೆ ಅಪಾಯವಾದರೆ ಮನೆಯವರಿಗೆ ಸಿಗಬೇಕಾದ 15 ಲಕ್ಷದ ಅಪಘಾತ ವಿಮೆಯೂ ಚಾಲ್ತಿ ಲೈಸೆನ್ಸ್ ಇದ್ದರೆ ಮಾತ್ರ. ನೀವು ವರ್ಷವರ್ಷವೂ ತಪ್ಪದೆ ಪ್ರೀಮಿಯಂ ಕಟ್ಟಿದ್ದೀರಿ. ಆ ದುಡ್ಡಿಗೆ ಬೆಲೆ ಬರಬೇಕಾದರೆ ಈ ಕಾರ್ಡ್ ಜೀವಂತವಾಗಿರಬೇಕು.

ಹಾಗಂತ ಕಳೆದ 14 ತಿಂಗಳನ್ನು ನೆನೆದು ನಿದ್ದೆ ಕೆಡಿಸಿಕೊಳ್ಳಬೇಡಿ. ಅಪಘಾತ ಆಗಿಲ್ಲ, ಕೇಸಿಲ್ಲ. ರಿನ್ಯೂವಲ್‌ಗೆ ಹೋದಾಗ ಇಷ್ಟು ದಿನ ಓಡಿಸಿದಿರಾ ಎಂದು ಯಾರೂ ವಿಚಾರಣೆ ಮಾಡುವುದಿಲ್ಲ. ಆದರೆ ಒಂದು ತಿಳಿದಿರಲಿ. ರಿನ್ಯೂವಲ್ ಹಿಂದಿನ ದಿನಗಳಿಗೆ ಅನ್ವಯಿಸುವುದಿಲ್ಲ. ಮಧ್ಯದ ಖಾಲಿ ಅವಧಿ ದಾಖಲೆಯಲ್ಲಿ ಖಾಲಿಯಾಗಿಯೇ ಉಳಿಯುತ್ತದೆ.

ಈಗ ನಿಮ್ಮ ಗೆಳೆಯರ ಮಾತಿಗೆ ಬರೋಣ. ಅವರು ಸುಳ್ಳು ಹೇಳಿಲ್ಲ, ಹಳೆಯ ಕಾನೂನು ಹೇಳಿದ್ದಾರೆ. ಮೊದಲು ಅವಧಿ ಮುಗಿದ ಮೇಲೂ 30 ದಿನ ಲೈಸೆನ್ಸ್ ನಡೆಯುತ್ತಿತ್ತು. ಐದು ವರ್ಷದವರೆಗೆ ಟೆಸ್ಟ್ ಇಲ್ಲದೆ ರಿನ್ಯೂ ಮಾಡಿಸಬಹುದಿತ್ತು. 2019ರ ತಿದ್ದುಪಡಿ ಎರಡನ್ನೂ ಬದಲಿಸಿತು. ಆ ವರ್ಷದ ಸೆಪ್ಟೆಂಬರ್ 1ರಿಂದ 30 ದಿನದ ಗ್ರೇಸ್ ಇಲ್ಲ. ಕಾರ್ಡಿನ ಮೇಲಿನ ತಾರೀಕು ದಾಟಿದ ಮರುದಿನವೇ ನೀವು ಲೈಸೆನ್ಸ್ ಇಲ್ಲದವರು. ಟೆಸ್ಟ್ ಇಲ್ಲದೆ ರಿನ್ಯೂವಲ್ ಅನ್ನುವುದು ಈಗ ಒಂದೇ ವರ್ಷ. ಅದಕ್ಕಿಂತ ತಡವಾದರೆ ಮತ್ತೆ ಡ್ರೈವಿಂಗ್ ಟೆಸ್ಟ್ ಪಾಸಾಗಬೇಕು ಎಂದು 15ನೇ ಸೆಕ್ಷನ್ ಹೇಳುತ್ತದೆ. ನೀವು ಎರಡು ತಿಂಗಳು ದಾಟಿದ್ದೀರಿ. ಟೆಸ್ಟ್ ಕೊಡಲೇಬೇಕು. ಕೊರೊನಾ ಕಾಲದಲ್ಲಿ ಸರ್ಕಾರ ಅವಧಿಯನ್ನು ಪದೇ ಪದೇ ಮುಂದೂಡಿತ್ತು, ಅದೇ ಈಗಲೂ ಇದೆ ಎಂದು ನಂಬಿದವರು ಇನ್ನೂ ಸಿಗುತ್ತಾರೆ. ಆ ರಿಯಾಯಿತಿ 2021ರ ಅಕ್ಟೋಬರ್ 31ಕ್ಕೇ ಮುಗಿದಿದೆ.

20 ವರ್ಷದ ಲೆಕ್ಕ ತಪ್ಪಿದ್ದೆಲ್ಲಿ? ಹಳೆಯ ನಿಯಮ ಹೇಳಿದ್ದು 20 ವರ್ಷ ಅಥವಾ 50 ತುಂಬುವವರೆಗೆ, ಯಾವುದು ಮೊದಲೋ ಅದು. ಎಲ್ಲರೂ ಮೊದಲರ್ಧ ನೆನಪಿಟ್ಟುಕೊಂಡರು, ಎರಡನೆಯದು ಬಿಟ್ಟುಹೋಯಿತು. 2019ಕ್ಕಿಂತ ಮುಂಚೆ, ಮೂವತ್ತು ದಾಟಿದ ಮೇಲೆ ಲೈಸೆನ್ಸ್ ಮಾಡಿಸಿದವರಿಗೆಲ್ಲ ಇದೇ ಬಲೆ ಕಾದಿದೆ. ನಿಮ್ಮ ವಾರಿಗೆಯ ಗೆಳೆಯರಿಗೆಲ್ಲ ಇವತ್ತೇ ಫೋನ್ ಮಾಡಿ ಕಾರ್ಡ್ ನೋಡಲು ಹೇಳಿ. ಇದು ಸುಮ್ನೆ ಹೇಳುವ ಮಾತಲ್ಲ.

ಈಗಿನ ಲೆಕ್ಕ ಬೇರೆ. ಖಾಸಗಿ ಗಾಡಿಗಳ ಲೈಸೆನ್ಸನ್ನು 30 ತುಂಬುವ ಮೊದಲು ಮಾಡಿಸಿದರೆ 40 ತುಂಬುವವರೆಗೆ ನಡೆಯುತ್ತದೆ. 30ರಿಂದ 50ರೊಳಗೆ ಮಾಡಿಸಿದರೆ ಹತ್ತು ವರ್ಷ. 50ರಿಂದ 55ರೊಳಗೆ ಮಾಡಿಸಿದರೆ 60 ತುಂಬುವವರೆಗೆ. 55 ಆದಮೇಲೆ ಪ್ರತಿ ಸಲ ಐದು ವರ್ಷ. ನಿಮಗೀಗ 51. ಈಗ ಮಾಡಿಸಿದರೆ 60ರವರೆಗೆ ಚಿಂತೆಯಿಲ್ಲ. 54ರವರೆಗೆ ಎಳೆದರೂ ಕೊನೆ 60ಕ್ಕೇ. ಹಾಗಾಗಿ ತಡ ಮಾಡಿದಷ್ಟೂ ವರ್ಷಗಳು ನಿಮ್ಮ ಕೈಯಿಂದಲೇ ಹೋಗುತ್ತವೆ.

ಬ್ರೋಕರ್ ಹೇಳಿದ್ದಕ್ಕೆ ನನ್ನ ಉತ್ತರ ಖಡಾಖಂಡಿತ: ಬೇಡ. ಒಬ್ಬರಿಗೆ ಒಂದೇ ಲೈಸೆನ್ಸ್ ಎಂದು ಕಾಯ್ದೆಯ 6ನೇ ಸೆಕ್ಷನ್ ಹೇಳುತ್ತದೆ. ಹಳೆಯದನ್ನು ಮುಚ್ಚಿಟ್ಟು ಹೊಸಬರಂತೆ ಅರ್ಜಿ ಹಾಕಿದರೆ ನೀವು ಸರ್ಕಾರಕ್ಕೆ ಸುಳ್ಳು ಹೇಳಿಕೆ ಕೊಟ್ಟ ಹಾಗೆ. ನಾಳೆ ಒಂದು ಅಪಘಾತವಾಗಿ ಎರಡೂ ದಾಖಲೆ ಹೊರಬಂದರೆ, ಆ ಹೊಸ ಕಾರ್ಡಿನ ಬಗ್ಗೆ ಕೋರ್ಟಿನಲ್ಲಿ ಏನು ಹೇಳುತ್ತೀರಿ? ಜೊತೆಗೆ ಇನ್ನೊಂದು ನಷ್ಟ ಇದೆ. ಮೊದಲ ಬಾರಿ ಲೈಸೆನ್ಸ್ ಕೊಟ್ಟ ತಾರೀಕು ಕಾರ್ಡಿನಲ್ಲಿ ಇರುತ್ತದೆ. 2007ರಿಂದ ನೀವು ಗಾಡಿ ಓಡಿಸಬಲ್ಲವರು ಎಂಬುದಕ್ಕೆ ಅದೇ ಸಾಕ್ಷಿ. ಅದನ್ನು ಯಾಕೆ ಕಳೆದುಕೊಳ್ಳಬೇಕು? ಅರ್ಜಿ ತುಂಬಲು ಯಾರದಾದರೂ ಸಹಾಯ ತೆಗೆದುಕೊಳ್ಳುವುದರಲ್ಲಿ ತಪ್ಪೇನಿಲ್ಲ. ಟೆಸ್ಟ್ ಇಲ್ಲದೆ ಮಾಡಿಸಿಕೊಡುತ್ತೇನೆ ಎಂದರೆ ಮಾತ್ರ ಅಲ್ಲಿಂದ ಎದ್ದು ಬನ್ನಿ.

ಹುಬ್ಬಳ್ಳಿಗೆ ಹೋಗುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ನೀವು ಈಗ ಇರುವ ಮೈಸೂರಿನ ಆರ್‌ಟಿಒದಲ್ಲೇ ರಿನ್ಯೂವಲ್ ಮಾಡಿಸಬಹುದು, ವಿಳಾಸವನ್ನೂ ಅಲ್ಲೇ ಬದಲಿಸಬಹುದು. ಕೆಎ 25 ಎಂದು ಶುರುವಾಗುವ ನಿಮ್ಮ ಡಿಎಲ್ ನಂಬರ್ ಹಾಗೇ ಇರುತ್ತದೆ. ಒಂದೇ ಒಂದು ತೊಡಕು ಬರಬಹುದು. ಪರಿವಾಹನ್ ಜಾಲತಾಣದ ಸಾರಥಿ ವಿಭಾಗದಲ್ಲಿ ನಿಮ್ಮ ಡಿಎಲ್ ನಂಬರ್ ಮತ್ತು ಹುಟ್ಟಿದ ದಿನ ಹಾಕಿ ನೋಡಿ. ವಿವರ ಕಂಡರೆ ಸರಿ. ಹಳೆಯ ಲೈಸೆನ್ಸ್ ಆದ್ದರಿಂದ ದಾಖಲೆ ಕಂಪ್ಯೂಟರಿಗೆ ಏರಿಲ್ಲದಿದ್ದರೆ, ಅದನ್ನು ಏರಿಸಬೇಕಾದವರು ಮೊದಲು ಕೊಟ್ಟ ಕಚೇರಿಯವರು. ಅವರಲ್ಲಿ ಬ್ಯಾಕ್‌ಲಾಗ್ ಎಂಟ್ರಿ ಎಂದು ಕೇಳಿ. ಹೆಸರಿನ ಅಕ್ಷರ, ಹುಟ್ಟಿದ ದಿನ ಆಧಾರ್‌ನಲ್ಲಿ ಇರುವಂತೆಯೇ ಇದೆಯಾ ಎಂದೂ ಆಗಲೇ ನೋಡಿಕೊಳ್ಳಿ. ಇನಿಷಿಯಲ್ ಮುಂದೆಯೋ ಹಿಂದೆಯೋ ಎಂಬಷ್ಟಕ್ಕೇ ಅರ್ಜಿಗಳು ನಿಂತುಬಿಡುತ್ತವೆ. ಮೊಬೈಲ್ ನಂಬರ್ ಬದಲಾಗಿದ್ದರೆ ಅದನ್ನೇ ಮೊದಲು ಸರಿಪಡಿಸಿ, ಇಲ್ಲದಿದ್ದರೆ ಒಟಿಪಿ ಹಳೆಯ ನಂಬರಿಗೆ ಹೋಗುತ್ತದೆ.

ಅರ್ಜಿಯ ಜೊತೆ 1ಎ ನಮೂನೆಯ ಮೆಡಿಕಲ್ ಸರ್ಟಿಫಿಕೇಟ್ ಬೇಕು. 40 ದಾಟಿದ ಎಲ್ಲರಿಗೂ ಇದು ಕಡ್ಡಾಯ. ದಯವಿಟ್ಟು ಇದನ್ನು ಒಂದು ಸಹಿಯ ಕೆಲಸ ಎಂದುಕೊಳ್ಳಬೇಡಿ. ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಓದಲು ಬರುತ್ತದೆಯಾ ಎಂದು ಆ ನಮೂನೆ ಕೇಳುತ್ತದೆ. ಡಾಕ್ಟರ ಹತ್ತಿರ ಹೋಗುವ ಮೊದಲು ನೀವೇ ಬೀದಿಯಲ್ಲಿ ನಿಂತು ಓದಿ ನೋಡಿ. ಕನ್ನಡಕ ಹಾಕಿದರೆ ಮಾತ್ರ ಕಾಣುತ್ತದೆ ಅಂದರೆ ತೊಂದರೆ ಏನಿಲ್ಲ, ಕನ್ನಡಕ ಹಾಕಿಯೇ ಓಡಿಸಿ. ಐವತ್ತರ ಆಸುಪಾಸಿನಲ್ಲಿ ಕಣ್ಣು ನಿಧಾನವಾಗಿ ಬದಲಾಗುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಹಗಲಲ್ಲಿ ಎಲ್ಲ ಸರಿ ಇರುತ್ತದೆ. ರಾತ್ರಿ ಎದುರಿನ ಗಾಡಿಯ ಹೆಡ್‌ಲೈಟ್ ಹಾದುಹೋದ ಮೇಲೆ ಕೆಲವು ಕ್ಷಣ ರಸ್ತೆಯೇ ಕಾಣುವುದಿಲ್ಲ. ಆ ಕ್ಷಣಗಳಲ್ಲೇ ರಸ್ತೆ ಬದಿಯಲ್ಲಿ ನಡೆಯುವವರಿಗೆ ಗಾಡಿ ತಾಗುವುದು. ಸಕ್ಕರೆ ಕಾಯಿಲೆ ಇದ್ದರೆ ಕಣ್ಣಿನ ಪರದೆಯನ್ನೂ ತಪಾಸಣೆ ಮಾಡಿಸಿ. ಈ ತಪಾಸಣೆ ನಿಮ್ಮ ಲೈಸೆನ್ಸಿಗಿಂತ ನಿಮಗೇ ಜಾಸ್ತಿ ಬೇಕಾದದ್ದು.

ಅವಧಿ ಮುಗಿದು ವರ್ಷ ದಾಟಿದವರಿಗೆ ಸಾರಥಿಯಲ್ಲಿ ಮೊದಲು ಎಲ್‌ಎಲ್‌ಆರ್ ಕೇಳಬಹುದು. ಗಾಬರಿಯಾಗಬೇಡಿ. ಇದು ಹಳೆಯ ಲೈಸೆನ್ಸ್ ರದ್ದಾಯಿತು ಎಂದಲ್ಲ. ಚಾಲ್ತಿ ಲೈಸೆನ್ಸ್ ಇಲ್ಲದ ನೀವು ಅಭ್ಯಾಸಕ್ಕೂ ಟೆಸ್ಟಿಗೂ ರಸ್ತೆಗೆ ಇಳಿಯಬೇಕಾದರೆ ಒಂದು ಪರವಾನಗಿ ಬೇಕಲ್ವಾ, ಅದು ಇದು. ಎಲ್‌ಎಲ್‌ಆರ್ ಇದ್ದಾಗ ಗಾಡಿಯ ಹಿಂದೆ ಮುಂದೆ ಕೆಂಪು ಎಲ್ ಬೋರ್ಡ್ ಇರಬೇಕು. ಕಾರಿನಲ್ಲಾದರೆ ಚಾಲ್ತಿ ಲೈಸೆನ್ಸ್ ಇರುವವರು ಪಕ್ಕದಲ್ಲಿ ಕೂತಿರಬೇಕು. ಇಷ್ಟು ವರ್ಷ ಓಡಿಸಿದವನಿಗೆ ಎಲ್ ಬೋರ್ಡಾ ಎಂದು ಅನ್ನಿಸಬಹುದು. ನಾಚಿಕೆ ಪಡಬೇಡಿ, ಅದು ನಿಮ್ಮನ್ನು ಕಾಯುವ ಬೋರ್ಡು.

ಶುಲ್ಕ ದೊಡ್ಡದಲ್ಲ. ಕೇಂದ್ರದ ನಿಯಮದಲ್ಲಿ ಟೆಸ್ಟಿಗೆ ಪ್ರತಿ ವರ್ಗಕ್ಕೆ 300 ರೂಪಾಯಿ. ತಡವಾದದ್ದಕ್ಕೆ ಪ್ರತಿ ವರ್ಷಕ್ಕೆ ಅಥವಾ ವರ್ಷದ ಭಾಗಕ್ಕೆ 1000 ರೂಪಾಯಿ ಹೆಚ್ಚುವರಿ. ರಿನ್ಯೂವಲ್ ಮತ್ತು ಕಾರ್ಡಿನ ಶುಲ್ಕ ಬೇರೆ. ಸಾರಥಿ ತೋರಿಸುವ ಮೊತ್ತವನ್ನು ಅಲ್ಲೇ ಕಟ್ಟಿ ರಶೀದಿ ಇಟ್ಟುಕೊಳ್ಳಿ. ಕೆಲಸ ಕಾರಣವಿಲ್ಲದೆ ಎಳೆದರೆ ಸಕಾಲದ ನಂಬರ್ ಹಿಡಿದು ಕೇಳುವ ಹಕ್ಕು ನಿಮಗಿದೆ.

ಇನ್ನು ಟೆಸ್ಟ್. ಹೊಸಬರಿಗಿಂತ ಹಳಬರೇ ಇಲ್ಲಿ ಹೆಚ್ಚು ಎಡವುವ ಸಾಧ್ಯತೆ ಇದೆ, ಯಾಕೆಂದರೆ ಕೈಕಾಲಿಗೆ ಅಭ್ಯಾಸವಾಗಿದೆ, ನಿಯಮಕ್ಕೆ ಆಗಿಲ್ಲ. ಗಾಡಿ ಚಾಲೂ ಮಾಡುವ ಮೊದಲು ಬೆಲ್ಟ್, ಕನ್ನಡಿ. ಹೊರಡುವಾಗ ಇಂಡಿಕೇಟರ್. ಒಂದು ಕೈ ಗೇರಿನ ಮೇಲೇ ಇಟ್ಟುಕೊಂಡು ಇನ್ನೊಂದರಲ್ಲಿ ಸ್ಟಿಯರಿಂಗ್ ತಿರುಗಿಸುವುದು, ಕ್ಲಚ್ ಮೇಲೆ ಸದಾ ಕಾಲಿಡುವುದು, ಇವೆಲ್ಲ ನಮಗೆ ಕಾಣದ ಚಟಗಳು. ಬೈಕಿನಲ್ಲಿ ಎಂಟು ಹಾಕುವಾಗ ಕಾಲು ನೆಲಕ್ಕೆ ತಾಗಬಾರದು. ಅದಕ್ಕೆ ವೇಗ ಬೇಡ, ಹಿಂದಿನ ಬ್ರೇಕನ್ನು ಹಗುರವಾಗಿ ಒತ್ತಿಕೊಂಡು, ತಿರುವಿನ ಕಡೆಗೇ ನೋಟ ಇಟ್ಟು ಹೋದರೆ ಗಾಡಿ ತಾನಾಗಿ ತಿರುಗುತ್ತದೆ. ಮುಂದಿನ ಚಕ್ರವನ್ನೇ ನೋಡಿದರೆ ಕಾಲು ಕೆಳಗೆ ಬರುತ್ತದೆ. ಕಾರಿನಲ್ಲಿ ಕಷ್ಟದ ಜಾಗ ರಿವರ್ಸ್ ಮತ್ತು ಏರಿನಲ್ಲಿ ನಿಲ್ಲಿಸಿ ಹೊರಡುವುದು. ಏರಿನಲ್ಲಿ ಹ್ಯಾಂಡ್‌ಬ್ರೇಕ್ ಬಳಸಿ, ಯಾರೂ ಬೇಡ ಅನ್ನುವುದಿಲ್ಲ. ಬೆಂಗಳೂರಿನ ಜ್ಞಾನಭಾರತಿಯಲ್ಲಿರುವಂಥ ಆಟೊಮೇಟೆಡ್ ಟ್ರ್ಯಾಕ್‌ಗಳಲ್ಲಿ ತಪ್ಪನ್ನು ಯಂತ್ರವೇ ಹಿಡಿಯುತ್ತದೆ, ಅಲ್ಲಿ ಅನುಭವದ ಮಾತು ನಡೆಯುವುದಿಲ್ಲ. ಎರಡು ಭಾನುವಾರ ಯಾವುದಾದರೂ ಖಾಲಿ ಮೈದಾನದಲ್ಲಿ ಕಲ್ಲಿಟ್ಟು ಅಭ್ಯಾಸ ಮಾಡಿ. ಡ್ರೈವಿಂಗ್ ಸ್ಕೂಲಿನಲ್ಲಿ ಒಂದೆರಡು ಕ್ಲಾಸು ತೆಗೆದುಕೊಂಡರೆ ಇನ್ನೂ ಒಳ್ಳೆಯದು.

ಟೆಸ್ಟಿಗೆ ಒಯ್ಯುವ ಗಾಡಿಯ ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಮೂರೂ ಚಾಲ್ತಿಯಲ್ಲಿರಲಿ. ಬೈಕ್ ಮತ್ತು ಕಾರು ಎರಡೂ ಬೇಕೆಂದರೆ ಎರಡಕ್ಕೂ ಟೆಸ್ಟ್ ಕೊಡಬೇಕು. ಫೇಲಾದರೆ ಏಳು ದಿನ ಬಿಟ್ಟು ಮತ್ತೆ ಕೊಡಬಹುದು. ಮೂರು ಸಲ ಫೇಲಾದರೆ ಕೊನೆಯ ಟೆಸ್ಟಿನಿಂದ 60 ದಿನ ಕಾಯಬೇಕು.

ಅಂಗಡಿಯ ಗೂಡ್ಸ್ ಗಾಡಿಯ ಪ್ರಶ್ನೆಗೆ ಈಗ ಸ್ಪಷ್ಟ ಉತ್ತರ ಇದೆ. ವರ್ಷಗಟ್ಟಲೆ ಇದರ ಮೇಲೆ ವಾದ ನಡೆದಿತ್ತು. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ ರಂಭಾ ದೇವಿ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಎಲ್‌ಎಂವಿ, ಅಂದರೆ ಕಾರಿನಂಥ ಹಗುರ ವಾಹನದ ಲೈಸೆನ್ಸ್ ಇದ್ದವರು, ಒಟ್ಟು ತೂಕ 7500 ಕಿಲೋ ಮೀರದ ಸರಕು ಗಾಡಿಯನ್ನು ಬೇರೆ ಟ್ರಾನ್ಸ್‌ಪೋರ್ಟ್ ಎಂಡಾರ್ಸ್‌ಮೆಂಟ್ (ಲೈಸೆನ್ಸಿನಲ್ಲಿ ಬರೆಸುವ ಪ್ರತ್ಯೇಕ ಅನುಮತಿ) ಇಲ್ಲದೆ ಓಡಿಸಬಹುದು. ಗಾಡಿಯ ತೂಕ ಆರ್‌ಸಿಯಲ್ಲಿ ಬರೆದಿರುತ್ತದೆ. ಸಣ್ಣ ಗೂಡ್ಸ್ ಗಾಡಿಗಳು ಈ ಮಿತಿಯೊಳಗೇ ಬರುತ್ತವೆ. ಪೆಟ್ರೋಲು, ಗ್ಯಾಸ್, ರಾಸಾಯನಿಕದಂಥ ಅಪಾಯಕಾರಿ ಸರಕು ಸಾಗಿಸುವವರಿಗೆ ಮಾತ್ರ ಬೇರೆ ನಿಯಮಗಳಿವೆ. ಮಾಮೂಲಿ ಅಂಗಡಿ ಸಾಮಾನಿಗೆ ಅದು ಬರುವುದಿಲ್ಲ.

ಹೊಸ ಕಾರ್ಡ್ ಬಂದಮೇಲೆ ಡಿಜಿಲಾಕರ್ ಅಥವಾ ಎಂ ಪರಿವಾಹನ್ ಆ್ಯಪ್‌ನಲ್ಲಿ ಅದನ್ನು ಇಳಿಸಿಕೊಳ್ಳಿ. 2018ರಿಂದ ಅದಕ್ಕೆ ಕಾರ್ಡಿನಷ್ಟೇ ಬೆಲೆ ಇದೆ. ಮೊಬೈಲಿನಲ್ಲಿ ತೆಗೆದ ಫೋಟೊಗೆ ಆ ಬೆಲೆ ಇಲ್ಲ. ಡಿಜಿಲಾಕರಿನಲ್ಲಿ ಕಾಣುತ್ತದೆ ಎಂದ ಮಾತ್ರಕ್ಕೆ ಲೈಸೆನ್ಸ್ ಚಾಲ್ತಿಯಲ್ಲಿದೆ ಎಂದೂ ಅಲ್ಲ, ತಾರೀಕು ಓದಬೇಕು. ಮುಂದಿನ ಸಲ ಅವಧಿ ಮುಗಿಯುವ ಒಂದು ವರ್ಷ ಮುಂಚೆಯೇ ಅರ್ಜಿ ಹಾಕಲು ಅವಕಾಶವಿದೆ. ವಿದೇಶದಲ್ಲಿ ಮಕ್ಕಳಿರುವ ಮನೆಯವರು ಇದನ್ನು ಗಮನಿಸಬೇಕು. ಅವರು ರಜೆಗೆ ಬಂದಾಗ ಕಾರ್ಡ್ ತೆಗೆಸಿ ನೋಡಿ, ಬೇಕಿದ್ದರೆ ಆಗಲೇ ಮುಗಿಸಿಬಿಡಿ. ನಿಮ್ಮ ಲೈಸೆನ್ಸ್ ರದ್ದಾಗಲಿದೆ, ಚಲನ್ ಬಾಕಿಯಿದೆ, ಈ ಆ್ಯಪ್ ಹಾಕಿಕೊಳ್ಳಿ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಫೈಲನ್ನು ಮಾತ್ರ ಮುಟ್ಟಬೇಡಿ. ಬ್ಯಾಂಕ್ ಖಾತೆ ಖಾಲಿ ಮಾಡುವ ಮೋಸ ಅದು.

ಕೊನೆಗೆ ನಿಮ್ಮ ಮಗಳ ವಿಷಯ. ಸಾರಥಿಯಲ್ಲಿ ಎಲ್‌ಎಲ್‌ಆರ್‌ಗೆ ಅರ್ಜಿ ಹಾಕಲಿ. ಆಧಾರ್ ಮೂಲಕ ಗುರುತು ದೃಢಪಡಿಸಿದರೆ ಮನೆಯಲ್ಲೇ ಕೂತು ಟೆಸ್ಟ್ ಬರೆಯುವ ವ್ಯವಸ್ಥೆ ಇದೆ. ಪಾಸಾಗಲು ನೂರಕ್ಕೆ 60 ಸರಿ ಉತ್ತರ ಬೇಕು. ಅವಳ ಪರವಾಗಿ ನೀವೋ ಸೈಬರ್ ಅಂಗಡಿಯವರೋ ಬರೆಯಬೇಡಿ. ರಸ್ತೆಯ ಚಿಹ್ನೆಗಳನ್ನು ಅವಳೇ ಕಲಿಯಲಿ. ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ, 30 ದಿನ ಕಳೆದ ಮೇಲೆ ಡ್ರೈವಿಂಗ್ ಟೆಸ್ಟಿಗೆ ಹೋಗಬಹುದು. ಈಗ ಮಾಡಿಸಿದರೆ 40 ತುಂಬುವವರೆಗೆ ಅವಳ ಲೈಸೆನ್ಸ್ ನಡೆಯುತ್ತದೆ.

ಒಂದು ಸಲಹೆ ಇದೆ. ಗೇರಿಲ್ಲದ ಸ್ಕೂಟರಿಗೆ ಮಾತ್ರ ಮಾಡಿಸಿದರೆ ಮುಂದೆ ಗೇರ್ ಬೈಕ್ ಓಡಿಸುವ ಹಾಗಿಲ್ಲ. ಅವಳಿಗೆ ಆಸೆ ಇದ್ದರೆ ಗೇರ್ ಬೈಕ್ ಕಲಿತು ಆ ವರ್ಗಕ್ಕೇ ಅರ್ಜಿ ಹಾಕಲಿ, ಜೊತೆಗೆ ಕಾರನ್ನೂ ಸೇರಿಸಲಿ. ಕಾರಿನ ಲೈಸೆನ್ಸಿನಲ್ಲಿ ಗೇರ್, ಆಟೊಮ್ಯಾಟಿಕ್ ಎಂಬ ಭೇದ ನಮ್ಮಲ್ಲಿಲ್ಲ. ಅರ್ಜಿಯಲ್ಲಿ ಅಂಗಾಂಗ ದಾನಕ್ಕೆ ಒಪ್ಪಿಗೆ ಇದೆಯೇ ಎಂಬ ಪ್ರಶ್ನೆ ಬರುತ್ತದೆ, ಅದನ್ನು ಮನೆಯಲ್ಲಿ ಕೂತು ಮಾತಾಡಿಕೊಂಡು ತುಂಬಿ. ತುರ್ತು ಸಂಪರ್ಕದ ಜಾಗ ಇದ್ದಲ್ಲಿ ನಿಮ್ಮದೋ ಅವಳ ಅಮ್ಮನದೋ ನಂಬರ್ ಹಾಕಿಸಿ. ಮತ್ತೆ, ಅವಳ ಎಲ್‌ಎಲ್‌ಆರ್ ಅಭ್ಯಾಸಕ್ಕೆ ಜೊತೆಗೆ ಹೋಗುವವರ ಲೈಸೆನ್ಸ್ ಚಾಲ್ತಿಯಲ್ಲಿರಬೇಕು. ನಿಮ್ಮ ಕಾರ್ಡ್ ಬರುವವರೆಗೆ ಆ ಕೆಲಸ ಮನೆಯಲ್ಲಿ ಬೇರೆ ಯಾರಾದರೂ ಮಾಡಲಿ.